ಬಿಚ್ಚಲು ಬರುವ ಯಂತ್ರ

ಮುಕ್ತಿನಾಥಕ್ಕೆ ಹೊರಟವರು ಯಾರೂ ಬುಟ್ವಲ್‌ನಲ್ಲಿ ಇಳಿಯುವುದಿಲ್ಲ. ಗೋರಖ್‌ಪುರದಲ್ಲಿ ಬಸ್ಸು ಹತ್ತಿ, ಸುನೌಲಿಯಲ್ಲಿ ಗಡಿ ದಾಟಿ, ಭೈರಹವಾದಲ್ಲಿ ಚಹಾ ಕುಡಿದು, ಬುಟ್ವಲ್ ಬರುವ ಹೊತ್ತಿಗೆ ತೂಕಡಿಸುತ್ತ ಪೋಖರಾದ ಕಡೆ ಸಾಗುವುದು ನಮ್ಮ ಕಡೆಯ ಯಾತ್ರಿಕರ ಪದ್ಧತಿ. ನಾನೂ ಭಾವನೂ ಅಲ್ಲಿ ಚೀಲ ಇಳಿಸಿಕೊಂಡಾಗ ಬಸ್ಸಿನ ಡ್ರೈವರ್ ಎರಡು ಸಲ ಕೇಳಿದ, 'ಇಲ್ಲೇನಾ?' ಎಂದು. ನೇಪಾಳದಲ್ಲಿ ಡ್ರೈವರನ್ನು ಎಲ್ಲರೂ 'ಗುರುಜಿ' ಎನ್ನುತ್ತಾರೆ. 'ಹೌದು ಗುರುಜಿ, ಇಲ್ಲೇ' ಎಂದೆ. ನಮ್ಮನ್ನು ಅಲ್ಲಿ ಇಳಿಸಿದ್ದು ನಮ್ಮ ಮನೆ ಹಿಂದಿನ ಹಳ್ಳ.

ತೀರ್ಥಹಳ್ಳಿ ತಾಲ್ಲೂಕಿನ ಒಳಗಡೆ ನಮ್ಮ ಮನೆ. ಕರೆಂಟು ಬಂದು ಕಾಲವಾಯಿತು. ಆದರೆ ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದರೆ ಮತ್ತೆ ದೀಪ ಕಾಣಲು ವಾರವಾದರೂ ಬೇಕು. ಹಾಗಾಗಿ ಮಲೆನಾಡಿನ ಎಷ್ಟೋ ಮನೆಯವರಂತೆ ನಾವೂ ಗುಡ್ಡದ ಹಳ್ಳಕ್ಕೊಂದು ಪುಟ್ಟ ಕಟ್ಟು ಹಾಕಿ, ಕಪ್ಪು ಪೈಪಿನಲ್ಲಿ ನೀರು ಇಳಿಸಿ, ತೋಟದ ಮೇಲ್ತುದಿಯಲ್ಲಿ ಒಂದು ಕಿಲೋವಾಟಿನ ಟರ್ಬೈನು ಕೂರಿಸಿಕೊಂಡೆವು. ಮಳೆ ಹಿಡಿದ ಮೇಲೆ ಶುರುವಾದರೆ ಸಂಕ್ರಾಂತಿಯವರೆಗೂ ದೀಪ, ಮಿಕ್ಸಿ, ಟೀವಿಗೆ ಚಿಂತೆಯಿಲ್ಲ. ಮೂರು ವರ್ಷ ಓಡಿತು. ನಾಲ್ಕನೆಯ ಮಳೆಗಾಲದ ಮೊದಲ ವಾರವೇ ಕಿರ್ರೆಂದು ಕೂಗಿ ನಿಂತಿತು. ಮಾರಿದವರಿಗೆ ಫೋನು ಮಾಡಿದರೆ, 'ನೀವು ಮುಟ್ಟಬೇಡಿ ಸಾರ್, ಬಿಚ್ಚಿದರೆ ವಾರಂಟಿ ಹೋಗ್ತದೆ, ನಮ್ಮ ಹುಡುಗ ಬರ್ತಾನೆ' ಎಂದರು. ಹುಡುಗ ಬಂದದ್ದು ಹಳ್ಳ ಬತ್ತಿದ ಮೇಲೆ. ಹೋಗಿದ್ದದ್ದು ಒಂದು ಬೇರಿಂಗು. ತೀರ್ಥಹಳ್ಳಿ ಪೇಟೆಯಲ್ಲೇ ಸಿಗುವ ಬೇರಿಂಗು.

ಆ ಸಿಟ್ಟಿನಲ್ಲಿ ಇಂಥ ಯಂತ್ರಗಳ ವಿಷಯ ಓದುತ್ತಾ ಹೋದಾಗ ಪ್ರತಿ ದಾರಿಯೂ ನೇಪಾಳಕ್ಕೇ ಮುಟ್ಟುತ್ತಿತ್ತು. ಮೂರು ಸಾವಿರಕ್ಕೂ ಹೆಚ್ಚು ಕಿರು ಜಲವಿದ್ಯುತ್ ಘಟಕಗಳನ್ನು ಕೂರಿಸಿದ ದೇಶ. ಅವುಗಳ ಟರ್ಬೈನುಗಳಲ್ಲಿ ಬಹುಪಾಲು ಅಲ್ಲೇ, ನಮ್ಮ ಪೇಟೆಯ ಗ್ಯಾರೇಜಿನಂಥ ಶೆಡ್ಡುಗಳಲ್ಲಿ ತಯಾರಾದವು. ಅಮ್ಮನಿಗೆ ಮುಕ್ತಿನಾಥದ ತೀರ್ಥ ಬೇಕಿತ್ತು, ನನಗೆ ಈ ಶೆಡ್ಡುಗಳನ್ನು ನೋಡಬೇಕಿತ್ತು. ಭಾವನಿಗೆ ಇಬ್ಬರ ಮೇಲೂ ನಂಬಿಕೆ ಕಮ್ಮಿ. ಆದರೂ ಬಂದ.

* * *

ಬಯಲು ಮುಗಿದು ಬೆಟ್ಟ ಶುರುವಾಗುವ ಗೆರೆಯ ಮೇಲೆ ಬುಟ್ವಲ್ ಕೂತಿದೆ. ತಿನಾವು ನದಿ ಕಣಿವೆಯಿಂದ ಹೊರಬಂದು ಉಸಿರು ಬಿಡುವ ಜಾಗ. ನಾವು ಹೋದದ್ದು ದಸರೆ ಮುಗಿದ ವಾರ. ಶೆಡ್ಡಿನ ಕೆಲಸಗಾರರ ಹಣೆಯ ಮೇಲೆ ಹಿರಿಯರು ಹಚ್ಚಿದ ಅಕ್ಕಿ–ಕುಂಕುಮದ ಟೀಕಾ ಇನ್ನೂ ಒಣಗಿ ಅಂಟಿಕೊಂಡಿತ್ತು, ಕಿವಿಯ ಸಂದಿಯಲ್ಲಿ ಹಳದಿ ಬಣ್ಣದ ಜವೆಯ ಮೊಳಕೆ. ಆ ವೇಷದಲ್ಲೇ ವೆಲ್ಡಿಂಗು ನಡೆದಿತ್ತು.

ಮೇಸ್ತ್ರಿಗೆ ಐವತ್ತು ದಾಟಿರಬಹುದು. 'ಟರ್ಬೈನು ನೋಡಲು ಕರ್ನಾಟಕದಿಂದ ಬಂದಿದ್ದೇವೆ' ಎಂದರೆ ನಂಬಲಿಲ್ಲ. ನಮ್ಮ ಮನೆಯ ಯಂತ್ರದ ಫೋಟೊ ತೋರಿಸಿದ ಮೇಲೆ ಸ್ಟೂಲು ಎಳೆದು ಕೂರಿಸಿದರು.

ಅಲ್ಲಿ ಆಗ ತಯಾರಾಗುತ್ತಿದ್ದದ್ದು ಕ್ರಾಸ್‌ಫ್ಲೋ ಟರ್ಬೈನಿನ ಚಕ್ರ. ಎರಡು ದಪ್ಪ ಉಕ್ಕಿನ ತಟ್ಟೆಗಳು, ಅವುಗಳ ಅಂಚಿನ ಸುತ್ತ ಬಾಗಿದ ಸೀಳುಗಳು. ಅಲಗುಗಳಿಗೆ ಅಚ್ಚು ಬೇಕಿಲ್ಲ, ಎರಕ ಬೇಕಿಲ್ಲ: ಕಬ್ಬಿಣದ ಕೊಳವೆಯನ್ನು ಉದ್ದುದ್ದಕ್ಕೆ ಸೀಳಿದರೆ ಸಿಗುವ ಪಟ್ಟಿಗೆ ಬೇಕಾದ ಬಾಗು ತಾನಾಗಿಯೇ ಇರುತ್ತದೆ. ಬಿದಿರಿನ ದಬ್ಬೆ ಸೀಳಿದ ಹಾಗೆ. ಆ ಪಟ್ಟಿಗಳನ್ನು ಎರಡು ತಟ್ಟೆಗಳ ನಡುವಿನ ಸೀಳಿಗೆ ತೂರಿಸಿ ಬೆಸುಗೆ ಹಾಕುತ್ತಾರೆ. ಹುಡುಗ ಒಂದು ಅಲಗಿಗೆ ಬೆಸುಗೆ ಹಾಕಿದ ಮೇಲೆ ಪಕ್ಕದ್ದಕ್ಕೆ ಹೋಗುತ್ತಿರಲಿಲ್ಲ, ಎದುರು ಬದಿಯದಕ್ಕೆ ಹೋಗುತ್ತಿದ್ದ. ಒಂದೇ ಕಡೆ ಬಿಸಿ ತಾಗಿದರೆ ಚಕ್ರ ಸೊಟ್ಟಗಾಗುತ್ತದಂತೆ. ನೀರು ಒಂದು ಬದಿಯಿಂದ ಅಲಗಿಗೆ ಬಡಿದು, ಚಕ್ರದ ಹೊಟ್ಟೆಯೊಳಗಿಂದ ಹಾದು, ಹೊರಹೋಗುವಾಗ ಇನ್ನೊಂದು ಬದಿಯ ಅಲಗನ್ನೂ ತಳ್ಳಿಹೋಗುತ್ತದೆ. ಒಂದೇ ನೀರಿಗೆ ಎರಡು ಸಲ ದುಡಿಮೆ.

ಬೆಸುಗೆ ಮುಗಿದು ಲೇತಿನಲ್ಲಿ ಮಟ್ಟವಾದ ಇನ್ನೊಂದು ಚಕ್ರವನ್ನು ಎರಡು ಸಮತಟ್ಟಾದ ಕಂಬಿಗಳ ಮೇಲೆ ಇಟ್ಟರು. ಚಕ್ರ ನಿಧಾನಕ್ಕೆ ಉರುಳಿ, ಹಿಂದೆ ಮುಂದೆ ತೂಗಿ, ಒಂದು ಕಡೆ ನಿಂತಿತು. ಕೆಳಗೆ ಬಂದ ಭಾಗ ಭಾರ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಗ್ರೈಂಡರಿನಿಂದ ಒಂಚೂರು ಸವರಿದರು. ಮತ್ತೆ ಕಂಬಿಯ ಮೇಲೆ. ಮತ್ತೆ ಗುರುತು. ಹೀಗೆ ಆರೇಳು ಸಲ. ಕೊನೆಗೆ ಚಕ್ರವನ್ನು ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಮೇಸ್ತ್ರಿಯ ಮುಖ ಆಗ ಸಡಿಲವಾಯಿತು.

ಭಾವ ಸುಮ್ಮನಿರುವವನಲ್ಲ. 'ದಾಜು (ಅಣ್ಣ), ಈ ತಗಡು ಎಲ್ಲಿಯದು?' ಎಂದು ಹಿಂದಿಯಲ್ಲಿ ಶುರುಮಾಡಿದ.

'ಭಾರತದ್ದು.'

'ಬೇರಿಂಗು?'

'ಭಾರತದ್ದೇ.'

'ಜನರೇಟರು?'

'ಕೆಲವು ನಿಮ್ಮದು, ಕೆಲವು ಚೀನಾದ್ದು.'

'ಹಾಗಾದರೆ ನಿಮ್ಮದು ಅನ್ನೋದು ಏನಿದೆ ಇದರಲ್ಲಿ?'

ನನಗೆ ಮುಜುಗರವಾಯಿತು. ಮೇಸ್ತ್ರಿಗೆ ಆಗಲಿಲ್ಲ. 'ಅಳತೆ ನಮ್ಮದು' ಎಂದರು.

ಆಮೇಲೆ ಬಿಡಿಸಿ ಹೇಳಿದರು. ಚಕ್ರದ ವ್ಯಾಸವನ್ನು ಒಂದೇ ಇಟ್ಟುಕೊಂಡು, ಹಳ್ಳದ ನೀರು ಎಷ್ಟಿದೆ ಎಂದು ನೋಡಿ ಅಗಲವನ್ನು ಕಮ್ಮಿ ಜಾಸ್ತಿ ಮಾಡುತ್ತಾರೆ. ಒಂದು ಬೆಟ್ಟದ ನೀರು ಇನ್ನೊಂದು ಬೆಟ್ಟದಲ್ಲಿಲ್ಲ, ಒಂದರ ಇಳಿಜಾರು ಇನ್ನೊಂದಕ್ಕಿಲ್ಲ. ಹೀಗೆ ಒಂದೊಂದು ಹಳ್ಳಕ್ಕೂ ಬೇರೆ ಚಕ್ರ ಮಾಡಿಕೊಡುವುದು ದೊಡ್ಡ ಕಾರ್ಖಾನೆಗೆ ಕಟ್ಟುವುದಿಲ್ಲ. ಇವರೇ ಬೆಟ್ಟ ಹತ್ತಿ ನೀರು ಅಳೆಯುತ್ತಾರೆ, ಇವರೇ ಚಕ್ರ ಮಾಡುತ್ತಾರೆ, ಇವರೇ ಹೊತ್ತೊಯ್ದು ಕೂರಿಸುತ್ತಾರೆ. ರಸ್ತೆಯಿಲ್ಲದ ಊರಿಗೆ ಆಳುಗಳ ಬೆನ್ನ ಮೇಲೆ ಇಲ್ಲವೇ ಹೇಸರಗತ್ತೆಯ ಮೇಲೆ ಹೋಗಬೇಕು. ಆದ್ದರಿಂದ ಯಂತ್ರವನ್ನೂ ಪೈಪನ್ನೂ ಹೊರಲಾಗುವಷ್ಟು ತುಂಡುಗಳಾಗಿ ಮಾಡಿ, ಅಲ್ಲಿ ಬೋಲ್ಟು ಬಿಗಿಯುವಂತೆ ಮೊದಲೇ ಯೋಚಿಸಿರುತ್ತಾರೆ. 'ಕೆಟ್ಟರೆ ಆ ಬೆಟ್ಟ ಮತ್ತೆ ಹತ್ತಬೇಕಾದವನು ನಾನೇ. ಮೂರು ದಿನದ ನಡಿಗೆ ನೆನೆಸಿಕೊಂಡೇ ಬೆಸುಗೆ ಹಾಕ್ತೀನಿ' ಎಂದು ನಕ್ಕರು.

ಊರಿಗೆ ಬಂದಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

* * *

ಬುಟ್ವಲ್‌ಗೆ ಈ ಕೈಗಾರಿಕೆ ಬಂದ ಕಥೆ ಒಂದು ಆಸ್ಪತ್ರೆಯಿಂದ ಶುರುವಾಗುತ್ತದೆ. ನಾರ್ವೆಯ ಎಂಜಿನಿಯರ್ ಓಡ್ ಹೋಫ್ಟುನ್ 1958ರಲ್ಲಿ ನೇಪಾಳಕ್ಕೆ ಬಂದದ್ದು ಮೇಲಿನ ಬೆಟ್ಟದ ತಾನ್ಸೇನ್‌ನಲ್ಲಿ ಮಿಷನ್ ಆಸ್ಪತ್ರೆ ಕಟ್ಟಲು. ಕಟ್ಟುತ್ತಾ ಅವರಿಗೆ ಕಂಡದ್ದು ಯಂತ್ರದ ಕೊರತೆಗಿಂತ ಯಂತ್ರ ಬಲ್ಲವರ ಕೊರತೆ. 1963ರಲ್ಲಿ ಬುಟ್ವಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಹುಡುಗರು ಕಪ್ಪು ಹಲಗೆಯ ಮುಂದೆ ಕೂತು ಕಲಿಯುವುದಕ್ಕಿಂತ ಹೆಚ್ಚಾಗಿ ಕಾರ್ಯಾಗಾರದಲ್ಲಿ ಮಾರಾಟದ ಸಾಮಾನು ಮಾಡುತ್ತಲೇ ಕಲಿತರು. ಕಾರ್ಯಾಗಾರಕ್ಕೆ ಕರೆಂಟು ಬೇಕಿತ್ತು, ಊರಿನಲ್ಲಿ ಇರಲಿಲ್ಲ. ಪಕ್ಕದಲ್ಲೇ ತಿನಾವು ಹರಿಯುತ್ತಿತ್ತು. 1965ರಲ್ಲಿ ಬುಟ್ವಲ್ ಪವರ್ ಕಂಪನಿ ಹುಟ್ಟಿತು, ಕಣಿವೆಯ ಬಂಡೆ ಕೊರೆದು ಮೊದಲು 50 ಕಿಲೋವಾಟ್, ಕೊನೆಗೆ ಒಂದು ಮೆಗಾವಾಟ್ ತೆಗೆದರು.

ಮರುದಿನ ಸಿದ್ಧಾರ್ಥ ಹೆದ್ದಾರಿಯಲ್ಲಿ ಆ ಕಣಿವೆಯನ್ನೇ ಹತ್ತಿದೆವು. ಒಂದು ಬದಿ ಉದುರುವ ಬೆಟ್ಟ, ಇನ್ನೊಂದು ಬದಿ ನದಿ. ಸಿದ್ಧಬಾಬಾ ಗುಡಿಯ ಮುಂದೆ ಬಸ್ಸಿನವರೆಲ್ಲ ಕೈಮುಗಿದರು, ಆಗುಂಬೆ ಘಾಟಿ ಇಳಿಯುವವರ ಹಾಗೆ ನಾವೂ ಮುಗಿದೆವು. ತಾನ್ಸೇನ್ ದಾಟಿ ರಾಮ್ದಿಯಲ್ಲಿ ಕಾಳಿ ಗಂಡಕಿಯ ಸೇತುವೆ. ಸಾಲಿಗ್ರಾಮ ಕೊಡುವ ನದಿ ಇದೇ ಎಂದು ಭಾವ ಕಿಟಕಿಯಿಂದ ಬಗ್ಗಿ ನೋಡಿದ. ಇನ್ನೂ ಮುಂದೆ ಗಲ್ಯಾಂಗ್‌ನ ಹತ್ತಿರ, ಬೆಟ್ಟದ ಹೊಟ್ಟೆಯೊಳಗೆ ಆಂಧಿಖೋಲಾ ವಿದ್ಯುದಾಗಾರವಿದೆ. 5.1 ಮೆಗಾವಾಟಿನ ಈ ಘಟಕ 1991ರಲ್ಲಿ ಶುರುವಾದಾಗ ಅದರೊಳಗೆ ತಿರುಗಿದ್ದು ನಾರ್ವೆಯಲ್ಲಿ ದುಡಿದು ಮುಗಿಸಿದ್ದ ಸೆಕೆಂಡ್ ಹ್ಯಾಂಡ್ ಟರ್ಬೈನುಗಳು. ಇನ್ನೊಬ್ಬರು ಬಿಟ್ಟ ಯಂತ್ರವನ್ನು ತರಿಸಿ ಎರಡು ದಶಕ ಓಡಿಸಬೇಕಾದರೆ ಅದರ ಒಳಹೊರಗು ಬಲ್ಲವರು ಪಕ್ಕದಲ್ಲಿರಬೇಕು. ಬುಟ್ವಲ್‌ನಲ್ಲಿ ಅವರು ತಯಾರಾಗಿದ್ದರು. 2015ರಲ್ಲಿ ಅದನ್ನು 9.4 ಮೆಗಾವಾಟಿಗೆ ಏರಿಸಿದರು.

* * *

ಪೋಖರಾದಿಂದ ಬಾಗ್ಲುಂಗ್, ಬೇನಿ ದಾರಿಯಾಗಿ ಮುಕ್ತಿನಾಥಕ್ಕೆ ಹೋಗುವಾಗ ಜೀಪಿನವನು ಊಟಕ್ಕೆ ನಿಲ್ಲಿಸಿದ ಕಡೆ ಒಂದು 'ಘಟ್ಟ' ಸಿಕ್ಕಿತು. ನಮಗೆ ಘಟ್ಟ ಎಂದರೆ ಬೆಟ್ಟಗಳ ಸಾಲು, ಅವರಿಗೆ ನೀರಿನ ಬೀಸುಕಲ್ಲು. ಕಲ್ಲಿನ ಪುಟ್ಟ ಗೂಡು. ಕೆಳಗೆ ಮರದ ದೋಣಿಯಿಂದ ರಭಸವಾಗಿ ಬೀಳುವ ನೀರಿಗೆ ಮಲಗಿದ ಚಕ್ರ ತಿರುಗುತ್ತದೆ, ಅದರ ನಡುವಿನ ಕಂಬ ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ. ಜೋಳ ತುಂಬಿದ ಬುಟ್ಟಿ ಮೇಲೆ ತೂಗುತ್ತಿತ್ತು. ಬುಟ್ಟಿಗೆ ಕಟ್ಟಿದ ಒಂದು ಕಡ್ಡಿ ತಿರುಗುವ ಕಲ್ಲಿನ ಮೇಲೆ ಟಕಟಕ ಕುಣಿಯುತ್ತ, ಕಾಳನ್ನು ನಾಲ್ಕು ನಾಲ್ಕಾಗಿ ಉದುರಿಸುತ್ತಿತ್ತು. ಕಲ್ಲು ಜೋರಾಗಿ ತಿರುಗಿದರೆ ಕಾಳೂ ಜೋರು, ನಿಧಾನವಾದರೆ ಕಾಳೂ ನಿಧಾನ. ನೋಡಿಕೊಳ್ಳಲು ಕೂತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಬೀಡಿ ಹಚ್ಚಿಕೊಂಡಳು.

ನೇಪಾಳದ ಬೆಟ್ಟಗಳಲ್ಲಿ ಇಂಥ ಘಟ್ಟಗಳು ಇಪ್ಪತ್ತೈದು ಸಾವಿರ ಇದ್ದವೆಂಬ ಲೆಕ್ಕವಿದೆ. ಟರ್ಬೈನು ಆ ದೇಶದಲ್ಲಿ ಬೇರೂರಿದ್ದರ ಗುಟ್ಟು ಇಲ್ಲಿದೆ. ನೀರಿನಿಂದ ಚಕ್ರ ತಿರುಗಿಸಿ ಸಂಪಾದಿಸುವುದು ಜನಕ್ಕೆ ಗೊತ್ತಿತ್ತು. ಕಬ್ಬಿಣದ ಟರ್ಬೈನು ಬಂದಾಗ ಮೊದಲು ಕೊಂಡವರು ಗಿರಣಿಯವರು, ಕೊಂಡದ್ದು ಭತ್ತ ಕುಟ್ಟಲು, ಹಿಟ್ಟು ಬೀಸಲು, ಸಾಸಿವೆ ಎಣ್ಣೆ ತೆಗೆಯಲು. ಹಗಲು ಗಿರಣಿ ಓಡಿ ಬ್ಯಾಂಕಿನ ಕಂತು ಕಟ್ಟಿತು. ಗಿರಣಿ ತಿರುಗಿಸುವ ಅದೇ ಬೆಲ್ಟಿಗೆ ಒಂದು ಜನರೇಟರು ತಗುಲಿಸಿದರೆ ರಾತ್ರಿ ಊರಿಗೆ ದೀಪ. 1980ರ ದಶಕದಲ್ಲಿ ಸರ್ಕಾರ 100 ಕಿಲೋವಾಟಿನವರೆಗೆ ಲೈಸೆನ್ಸು ಬೇಡ ಎಂದಿತು, ವಿದ್ಯುತ್ ಉಪಕರಣಕ್ಕೆ ಸಬ್ಸಿಡಿ ಕೊಟ್ಟಿತು, ಕೃಷಿ ಬ್ಯಾಂಕು ಸಾಲ ಕೊಟ್ಟಿತು. ಬೀಸುಕಲ್ಲು ಮೊದಲು, ಬಲ್ಬು ಆಮೇಲೆ. ಬಲ್ಬೇ ಮೊದಲಾಗಿದ್ದರೆ ಕಂತು ಕಟ್ಟುವವರು ಯಾರು?

ಎಲ್ಲವೂ ಚೆಂದವೆಂದರೆ ಸುಳ್ಳಾದೀತು. ಜೀಪಿನಲ್ಲಿ ಜೊತೆಗಿದ್ದ ಶಾಲಾ ಮೇಷ್ಟ್ರು ತಮ್ಮೂರಿನ ಘಟಕ ನಿಂತ ಬಗೆ ಹೇಳಿದರು. ಬಲ್ಬಿಗೆ ಇಷ್ಟೆಂದು ಗೊತ್ತುಮಾಡಿದ ಹಣವನ್ನು ಎಲ್ಲರೂ ಕಟ್ಟಲಿಲ್ಲ. ಯಂತ್ರ ನೋಡಿಕೊಳ್ಳಲು ಕಲಿತಿದ್ದ ಹುಡುಗ ಕತಾರಿಗೆ ಹೋದ. ಒಂದು ಮಳೆಗಾಲ ಕಾಲುವೆ ಕುಸಿಯಿತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಸರ್ಕಾರದ ಲೈನು ಬಂತು. ನಾವು ಹಾದುಹೋದ ಬಾಗ್ಲುಂಗ್ ಜಿಲ್ಲೆಯಲ್ಲಿ ಇದಕ್ಕೆ ವಿರುದ್ಧದ ಕಥೆಯೂ ಇದೆ: ಒಂದೇ ಕಣಿವೆಯ ಆರು ಕಿರು ಘಟಕಗಳನ್ನು ತಂತಿಯಿಂದ ಬೆಸೆದು 107 ಕಿಲೋವಾಟಿನ ಪುಟ್ಟ ಜಾಲವೊಂದನ್ನು ಊರವರು ಕಟ್ಟಿಕೊಂಡರು. ಒಂದು ನಿಂತರೆ ಉಳಿದ ಐದು ಹೆಗಲು ಕೊಡುವ ಏರ್ಪಾಡು. 2018ರಲ್ಲಿ ನುವಾಕೋಟ್ ಜಿಲ್ಲೆಯ ಸ್ಯಾವುರೆಭೂಮಿಯ 23 ಕಿಲೋವಾಟಿನ ಘಟಕವನ್ನು ರಾಷ್ಟ್ರೀಯ ಜಾಲಕ್ಕೇ ಸೇರಿಸಿದರು. ಲೈನು ಬಂದ ಮೇಲೆ ಗುಜರಿಗೆ ಹೋಗಬೇಕಿದ್ದ ಯಂತ್ರ ಅದೇ ಲೈನಿಗೆ ಕರೆಂಟು ಮಾರತೊಡಗಿತು.

ಮುಕ್ತಿನಾಥದ ಬಗ್ಗೆ ಬರೆದವರು ಬಹಳ ಮಂದಿ. ನೂರೆಂಟು ಧಾರೆಗಳ ಕೆಳಗೆ ತಲೆ ಒಡ್ಡಿ ಓಡಿದೆವು, ಹಲ್ಲು ಕಡಿದುಕೊಂಡು ಅಮ್ಮನ ತೀರ್ಥ ತುಂಬಿಕೊಂಡೆವು. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ಹರಿಯುವ ನೀರಿನ ಬಳಿಯೇ ನೆಲದ ಅನಿಲಕ್ಕೆ ಹತ್ತಿದ ನೀಲಿ ಕುಡಿ ಉರಿಯುತ್ತಲೇ ಇರುತ್ತದೆ. 'ಇದಕ್ಕೆ ಮೇಸ್ತ್ರಿ ಬೇಡ ನೋಡು' ಎಂದ ಭಾವ.

* * *

ಕಾಠ್ಮಂಡುವಿನಲ್ಲಿ ಕನ್ನಡಿಗರು ಪಶುಪತಿನಾಥಕ್ಕೆ ಹೋಗಿ ಕನ್ನಡ ನಾಡಿನಿಂದ ಬಂದ ಭಟ್ಟರನ್ನು ಕಂಡು ಹಿಗ್ಗುತ್ತಾರೆ. ನಾವೂ ಹಿಗ್ಗಿ, ಆಮೇಲೆ ಬಾಲಾಜುವಿಗೆ ಟ್ಯಾಕ್ಸಿ ಹಿಡಿದೆವು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 1960ರಲ್ಲಿ ಸ್ವಿಸ್ ನೆರವಿನಿಂದ ಶುರುವಾದ ಬಾಲಾಜು ಯಂತ್ರಶಾಲೆ ಇದೆ. ನೇಪಾಳದ ಕ್ರಾಸ್‌ಫ್ಲೋ ಟರ್ಬೈನುಗಳು 1970ರ ದಶಕದಲ್ಲಿ ಹದಗೊಂಡದ್ದು ಇಲ್ಲಿ ಮತ್ತು ಬುಟ್ವಲ್‌ನಲ್ಲಿ. ಇಲ್ಲಿ ಕಲಿತವರು ಹೊರಬಂದು ತಮ್ಮದೇ ಶೆಡ್ಡು ಹಾಕಿದರು.

ಗೇಟಿನ ಹೊರಗೆ ನಿಂತಾಗ ನನಗೆ ಶಿವನಸಮುದ್ರ ನೆನಪಾಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಆ ಟರ್ಬೈನುಗಳೂ ಸ್ವಿಟ್ಜರ್‌ಲೆಂಡಿನವೇ, ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯವು. ಒಂಬತ್ತು ವರ್ಷದ ನಂತರ, 1911ರಲ್ಲಿ, ಕಾಠ್ಮಂಡುವಿನ ಹತ್ತಿರ ಫರ್ಪಿಂಗ್‌ನಲ್ಲಿ 500 ಕಿಲೋವಾಟಿನ ಘಟಕ ಶುರುವಾಯಿತು. ಅದರ ಯಂತ್ರಗಳೂ ವಿದೇಶದವು, ದೀಪ ಉರಿದದ್ದು ಆಗ ನೇಪಾಳವನ್ನು ಆಳುತ್ತಿದ್ದ ರಾಣಾಗಳ ಅರಮನೆಗಳಲ್ಲಿ. ಎರಡೂ ಕಡೆ ಯಂತ್ರ ಬಂತು, ಅದನ್ನು ಮಾಡುವ ವಿದ್ಯೆ ಹಡಗು ಹತ್ತಲಿಲ್ಲ. ಬಾಲಾಜುವಿಗೆ ಅರ್ಧ ಶತಮಾನದ ನಂತರ ಬಂದ ಸ್ವಿಸ್ಸರು ಲೇತನ್ನೂ ನಕ್ಷೆಯನ್ನೂ ತಂದರು. ಆ ವ್ಯತ್ಯಾಸದಿಂದ ಹುಟ್ಟಿದ್ದು ಬೆಟ್ಟಗಳ ತುಂಬ ಹರಡಿದ ಯಂತ್ರಗಳು.

ನಮ್ಮ ಮನೆಯ ಯಂತ್ರದ ಅಣ್ಣನನ್ನು ಕಂಡದ್ದೂ ಕಾಠ್ಮಂಡುವಿನಲ್ಲೇ. ಹೆಸರು ಪೆಲ್ಟ್ರಿಕ್: ಪೆಲ್ಟನ್ ಚಕ್ರ ಮತ್ತು ಎಲೆಕ್ಟ್ರಿಕ್ ಸೇರಿ ಆದ ಪದ. 1990ರ ಆಸುಪಾಸಿನಲ್ಲಿ ಇದನ್ನು ರೂಪಿಸಿದವರು ಅಕ್ಕಲ್ ಮಾನ್ ನಕರ್ಮಿ. ನೇವಾರರಲ್ಲಿ ನಕರ್ಮಿ ಎಂದರೆ ಕಮ್ಮಾರರ ಮನೆತನ. ಬೊಗಸೆ ಒಡ್ಡಿದ ಜೋಡಿ ಅಂಗೈಗಳಂಥ ಬಟ್ಟಲುಗಳು ಸುತ್ತಲೂ ಇರುವ ಪುಟ್ಟ ಚಕ್ರ, ಅದರ ಮೇಲೆ ನೇರವಾಗಿ ನಿಲ್ಲಿಸಿದ ಮಾಮೂಲಿ ಇಂಡಕ್ಷನ್ ಮೋಟಾರು. ಪಂಪಿಗೆ ಹಾಕುವಂಥದೇ ಮೋಟಾರನ್ನು ಹಿಂದುಮುಂದು ಮಾಡಿ, ಕೆಪಾಸಿಟರು ಜೋಡಿಸಿದರೆ ಅದೇ ಜನರೇಟರು. ಬೆಲ್ಟಿಲ್ಲ, ಗೇರಿಲ್ಲ. ಐವತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ನಾಲ್ಕು ಲೀಟರು ನೀರು ಬಂದರೆ ಸುಮಾರು ಒಂದು ಕಿಲೋವಾಟ್ ಸಿಗುತ್ತದೆ. ಒಬ್ಬ ಆಳು ಬೆನ್ನ ಮೇಲೆ ಹೊರಬಹುದು. ಭಾವ ಸುತ್ತ ಬಂದು ನೋಡಿದ. ನಾಲ್ಕು ಬೋಲ್ಟು ಕಳಚಿದರೆ ಮೋಟಾರು ಕೈಗೆ ಬರುತ್ತದೆ, ಮೋಟಾರು ಬಿಚ್ಚಬಲ್ಲವನು ಪ್ರತಿ ಪೇಟೆಯಲ್ಲೂ ಇದ್ದಾನೆ. 'ನಮ್ಮನೇದೂ ಹಿಂಗೇ ಅಲ್ವೇನೋ ಮಾರಾಯ, ಮತ್ತೆ ಆರು ತಿಂಗಳು ಯಾಕೆ ಕಾಯ್ದ್ವಿ?' ಎಂದ.

ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಬಿಚ್ಚಬೇಡಿ ಎಂದು ಅವರು ಹೇಳಿದರು, ನಾವು ಕೇಳಿದೆವು.

ಈ ಶೆಡ್ಡುಗಳ ನಾಳೆ ಏನು ಎಂಬ ಚಿಂತೆ ಅಲ್ಲಿನವರಿಗೂ ಇದೆ. ದಿನಕ್ಕೆ ಹದಿನಾರು ಗಂಟೆ ಲೋಡ್‌ಶೆಡ್ಡಿಂಗ್ ಕಂಡಿದ್ದ ದೇಶ ಈಗ ಮಳೆಗಾಲದಲ್ಲಿ ಭಾರತಕ್ಕೆ ಕರೆಂಟು ಮಾರುತ್ತದೆ. ಲೈನು ಹೋಗದ ಕಣಿವೆಗಳು ಕಮ್ಮಿಯಾದವು, ಕಿರು ಟರ್ಬೈನಿನ ಬೇಡಿಕೆಯೂ ಇಳಿಯಿತು. ಬುಟ್ವಲ್ ಮೇಸ್ತ್ರಿಯ ಶೆಡ್ಡಿನ ಅರ್ಧಭಾಗ ದೊಡ್ಡ ಯೋಜನೆಗಳ ಗೇಟು, ಪೈಪುಗಳಿಂದ ತುಂಬಿತ್ತು. ಆದರೆ ಗಮನಿಸಿ: ಆ ದೊಡ್ಡ ಯೋಜನೆಗಳಿಗೆ ಬೇಕಾದ ಬೆಸುಗೆಯ ಕೈ ಪಳಗಿದ್ದು ಪುಟ್ಟ ಚಕ್ರಗಳ ಮೇಲೆ. ಸ್ಥಳೀಯ ತಯಾರಿಕೆ ಎಂದರೆ ತಗಡಿನ ಮೇಲೆ ಯಾವ ದೇಶದ ಮುದ್ರೆ ಇದೆ ಎಂದು ಹುಡುಕುವುದು ನಮ್ಮ ಅಭ್ಯಾಸ. ನಾನು ಕಂಡ ಮಟ್ಟಿಗೆ, ಟರ್ಬೈನು ಅಲ್ಲಿ ಉಪ ಉತ್ಪನ್ನ. ಮುಖ್ಯವಾಗಿ ತಯಾರಾದದ್ದು ಮೇಸ್ತ್ರಿಗಳು.

* * *

ಊರಿಗೆ ಮರಳಿದ್ದು ಕಾರ್ತಿಕದ ಕೊನೆಗೆ. ಹಳ್ಳದಲ್ಲಿ ಇನ್ನೂ ನೀರಿತ್ತು. ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗನನ್ನು ಕರೆಸಿ, ಅವನ ಜೊತೆ ಕೂತು ಯಂತ್ರವನ್ನು ಪೂರ್ತಿ ಬಿಚ್ಚಿದೆವು. ಬೇರಿಂಗಿನ ನಂಬರು, ಸೀಲಿನ ಅಳತೆ, ಕೆಪಾಸಿಟರಿನ ಲೆಕ್ಕ ಎಲ್ಲವನ್ನೂ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ಮತ್ತೆ ಜೋಡಿಸಿದಾಗ ಒಂದು ವಾಷರು ಉಳಿಯಿತು. ಇನ್ನೊಮ್ಮೆ ಬಿಚ್ಚಿ, ಅದರ ಜಾಗ ಹುಡುಕಿ ಹಾಕಿದೆವು. ಸಂಜೆಗೆ ದೀಪ ಬಂತು. ವಾರಂಟಿ ಹೋಯಿತು.

ಸೋಲಾರೋ ಟರ್ಬೈನೋ ಗಾಳಿಯಂತ್ರವೋ, ಮನೆಗೆ ತರಲು ಹೊರಟವರಿಗೆ ನನ್ನದೊಂದೇ ಮಾತು. ಎಷ್ಟು ಕಿಲೋವಾಟ್, ಎಷ್ಟು ಸಬ್ಸಿಡಿ ಎಂದು ಕೇಳುವ ಮೊದಲು, ಕೆಟ್ಟರೆ ಇದನ್ನು ಬಿಚ್ಚುವವರು ಯಾರು, ಅವರ ಊರು ಇಲ್ಲಿಂದ ಎಷ್ಟು ದೂರ ಎಂದು ಕೇಳಿ. ಉತ್ತರ ಬರದಿದ್ದರೆ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.